ವಾಹನದ ಬಣ್ಣ ಮತ್ತು ಗಾಜಿನ ಮೇಲಿನ ಗಡಸು ನೀರಿನ ಕಲೆಗಳು

ಟ್ರ್ಯಾಕ್ಟರ್, ಜೀಪು, ತರಕಾರಿ ಸಾಗಿಸುವ ಸಣ್ಣ ವ್ಯಾನು, ಕಾರು - ಇವುಗಳಲ್ಲಿ ಒಂದಾದರೂ ಇಂದು ಅನೇಕ ರೈತ ಕುಟುಂಬಗಳಲ್ಲಿದೆ. ಕೆಲಸ ಮುಗಿದ ಮೇಲೆ ವಾಹನವನ್ನು ಕೊಳವೆ ಬಾವಿಯ ಪಕ್ಕದಲ್ಲಿ ನಿಲ್ಲಿಸಿ, ಪೈಪಿನಿಂದ ನೀರು ಬಿಟ್ಟು ತೊಳೆದು, ಬಿಸಿಲಿನಲ್ಲಿಯೇ ಒಣಗಲು ಬಿಡುವುದು ರೂಢಿ. ಒದ್ದೆಯಿದ್ದಾಗ ಕನ್ನಡಿಯಂತೆ ಹೊಳೆಯುವ ವಾಹನ ಒಣಗಿದ ಮೇಲೆ ಮೈತುಂಬ ಬಿಳಿ ಚುಕ್ಕೆಗಳನ್ನು ತೋರಿಸುತ್ತದೆ. ಮತ್ತೆ ನೀರು ಹಾಕಿದರೆ ಚುಕ್ಕೆಗಳು ಮಾಯವಾಗುತ್ತವೆ. ಒಣಗಿದರೆ ಅದೇ ಜಾಗದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಇದನ್ನು ನೀವೂ ಗಮನಿಸಿರಬಹುದು.

ಇದು ಕೇವಲ ಅಂದಚಂದದ ಪ್ರಶ್ನೆಯೆಂದು ತಿಳಿಯಬಾರದು. ಮುಂದಿನ ಗಾಜಿನ ಮೇಲೆ ಕಟ್ಟಿಕೊಂಡ ಬಿಳಿ ಪೊರೆ ಹಗಲಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆದರೆ ಟೊಮೇಟೊ ಪೆಟ್ಟಿಗೆಗಳನ್ನು ಹೇರಿಕೊಂಡು ಬೆಳಗಿನ ಜಾವ ಕೋಲಾರದ ಮಾರುಕಟ್ಟೆಗೆ ಹೊರಟಾಗ, ಎದುರಿನ ಲಾರಿಯ ದೀಪದ ಬೆಳಕು ಆ ಪೊರೆಗೆ ಬಿದ್ದು ನಾಲ್ಕೂ ಕಡೆಗೆ ಚೆದುರುತ್ತದೆ. ಒಂದೆರಡು ಕ್ಷಣ ಗಾಜೆಲ್ಲ ಬೆಳ್ಳಗಾಗಿ ರಸ್ತೆಯೇ ಕಾಣದು. ರಸ್ತೆಯ ಅಂಚಿನಲ್ಲಿ ನಡೆದುಹೋಗುವವರಾಗಲಿ, ದೀಪವಿಲ್ಲದ ಎತ್ತಿನ ಗಾಡಿಯಾಗಲಿ ಆ ಕ್ಷಣದಲ್ಲಿ ಕಣ್ಣಿಗೆ ಬೀಳದೆ ಹೋಗಬಹುದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಎರಡು ಸೆಕೆಂಡುಗಳಲ್ಲಿ ಸುಮಾರು 28 ಮೀಟರ್ ಮುಂದೆ ಸಾಗಿರುತ್ತದೆ ಎಂಬುದನ್ನು ನೆನೆದರೆ ಇದರ ಅಪಾಯ ಅರ್ಥವಾದೀತು.

ಕಲೆಯನ್ನು ತೆಗೆಯುವ ಆತುರದಲ್ಲಿ ಮಾಡುವ ತಪ್ಪುಗಳಿಂದ ಆಗುವ ನಷ್ಟವೂ ಕಡಿಮೆಯಲ್ಲ. ಇಟ್ಟಿಗೆ ಪುಡಿಯಿಂದ ಉಜ್ಜಿ ಗಾಜನ್ನು ಗೀರುವುದು, ಹನಿ ನೀರಾವರಿಯ ಪೈಪು ತೊಳೆಯಲು ತಂದಿಟ್ಟ ಆಮ್ಲವನ್ನು ಸುರಿದು ಬಣ್ಣ ಕೆಡಿಸುವುದು, ಕೈ ಸುಟ್ಟುಕೊಳ್ಳುವುದು ಇವೆಲ್ಲ ಆಗುತ್ತಲೇ ಇರುತ್ತವೆ. ಆದ್ದರಿಂದ ಈ ಕಲೆ ಎಂದರೇನು, ಅದನ್ನು ಸುರಕ್ಷಿತವಾಗಿ ತೆಗೆಯುವುದು ಹೇಗೆ, ಮತ್ತೆ ಬಾರದಂತೆ ತಡೆಯುವುದು ಹೇಗೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಕಲೆ ಎಂದರೆ ಏನು?

ಮಳೆಯ ನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ಹೀರಿಕೊಂಡು ಅಲ್ಪ ಪ್ರಮಾಣದಲ್ಲಿ ಹುಳಿಯಾಗುತ್ತದೆ. ಈ ಹುಳಿನೀರು ಮಣ್ಣು ಮತ್ತು ಬಂಡೆಗಳ ಸಂದುಗಳಲ್ಲಿ ಹರಿಯುತ್ತ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಬಂಡೆಯ ಬಿರುಕುಗಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಅದರಲ್ಲಿ ಕರಗುವ ಲವಣ ಹೆಚ್ಚುತ್ತದೆ. ಹೀಗೆ ಲವಣ ತುಂಬಿದ ನೀರನ್ನೇ ಗಡಸು ನೀರು ಎನ್ನುತ್ತೇವೆ. ಬಯಲುಸೀಮೆಯ ಆಳವಾದ ಕೊಳವೆ ಬಾವಿಗಳ ನೀರು ಬಹುಮಟ್ಟಿಗೆ ಗಡಸಾಗಿರುತ್ತದೆ. ಮಲೆನಾಡಿನ ಹಳ್ಳತೊರೆಗಳ ನೀರು ಸಾಮಾನ್ಯವಾಗಿ ಮೆದು.

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಣ್ಣಿಗೆ ಕಾಣುವುದಿಲ್ಲ. ನೀರು ಬಿಸಿಯಾದಾಗ ಅಥವಾ ಆವಿಯಾದಾಗ ಅದರೊಳಗಿನ ಅನಿಲ ಹೊರಟುಹೋಗಿ, ಉಳಿದ ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಅಂದರೆ ಸುಣ್ಣದ ಕಲ್ಲಿನ ಪುಡಿಯಾಗಿ, ಕೆಳಗೆ ಕೂರುತ್ತದೆ. ನಿಮ್ಮ ಬಚ್ಚಲಿನ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಪದರು, ಹನಿ ನೀರಾವರಿಯ ತೂತುಗಳನ್ನು ಮುಚ್ಚುವ ಬಿಳಿ ಪುಡಿ, ವಾಹನದ ಮೇಲಿನ ಚುಕ್ಕೆ - ಈ ಮೂರೂ ಬಹುಮಟ್ಟಿಗೆ ಒಂದೇ ವಸ್ತು. ಹಂಡೆಯಲ್ಲಿ ಬೆಂಕಿ ಮಾಡುವ ಕೆಲಸವನ್ನು ವಾಹನದ ಮೇಲೆ ಬಿಸಿಲು ಮಾಡುತ್ತದೆ, ಅಷ್ಟೇ.

ಇದರ ಪ್ರಮಾಣವನ್ನು ಲೆಕ್ಕ ಹಾಕಿ ನೋಡೋಣ. ಒಂದು ಲೀಟರಿನಲ್ಲಿ 600 ಮಿಲಿಗ್ರಾಂ ಗಡಸುತನವಿರುವ ನೀರಿನಿಂದ ವಾಹನ ತೊಳೆದಿರಿ ಎನ್ನಿ. ಅದರಲ್ಲಿ ಒಂದು ಲೀಟರ್ ನೀರು ಮೈಮೇಲೆಯೇ ಒಣಗಿದರೆ ಅರ್ಧ ಗ್ರಾಮಿಗಿಂತ ಹೆಚ್ಚು ಸುಣ್ಣ ಮತ್ತು ಇತರ ಲವಣ ಅಲ್ಲಿಯೇ ಉಳಿಯುತ್ತದೆ. ವರ್ಷಕ್ಕೆ 50 ಸಲ ಹೀಗೆ ತೊಳೆದರೆ ಸುಮಾರು 30 ಗ್ರಾಂ ಆಯಿತು. ಒಂದು ಹಿಡಿ ಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ನೀವೇ ವಾಹನಕ್ಕೆ ಬಳಿದಂತಾಯಿತು!

ಹನಿಯ ಅಂಚಿನಲ್ಲಿ ಕಲೆ ದಟ್ಟವಾಗಿ ಉಂಗುರದಂತೆ ಕಾಣುವುದಕ್ಕೂ ಕಾರಣವಿದೆ. ಹನಿಯ ಅಂಚು ತೆಳುವಾಗಿರುವುದರಿಂದ ಅಲ್ಲಿ ನೀರು ಬೇಗ ಆವಿಯಾಗುತ್ತದೆ. ಅದನ್ನು ತುಂಬಲು ಒಳಗಿನ ನೀರು ಅಂಚಿನ ಕಡೆಗೆ ಹರಿಯುತ್ತದೆ. ಜೊತೆಗೆ ಲವಣವನ್ನೂ ಒಯ್ದು ಅಲ್ಲಿ ಬಿಡುತ್ತದೆ.

ನಿಮ್ಮ ನೀರು ಗಡಸೇ?

ಇದನ್ನು ಮನೆಯಲ್ಲಿಯೇ ತಿಳಿಯಬಹುದು. ತೊಗರಿ ಬೇಳೆ ಬೇಗ ಬೇಯದಿದ್ದರೆ, ಸ್ನಾನದ ಸೋಪು ನೊರೆ ಕೊಡದೆ ಮೊಸರಿನಂತೆ ಒಡೆದು ಬಕೆಟ್ಟಿನ ಅಂಚಿಗೆ ಅಂಟಿದರೆ, ಹಂಡೆಯೊಳಗೆ ಬಿಳಿ ಪದರು ಕಟ್ಟಿದರೆ ನೀರು ಗಡಸೆಂದು ತಿಳಿಯಬೇಕು. ಹೋಲಿಸಿ ನೋಡಬೇಕಾದರೆ ಎರಡು ಒಂದೇ ಅಳತೆಯ ಸೀಸೆಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ಅರ್ಧದಷ್ಟು ಮಳೆನೀರು, ಇನ್ನೊಂದರಲ್ಲಿ ಅಷ್ಟೇ ಕೊಳವೆ ಬಾವಿಯ ನೀರು ತುಂಬಿ. ಎರಡಕ್ಕೂ ಸಮನಾಗಿ ಸೋಪಿನ ತುರಿ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಮಳೆನೀರಿನ ಸೀಸೆಯಲ್ಲಿ ನೊರೆ ತುಂಬಿ ನಿಲ್ಲುತ್ತದೆ. ಗಡಸು ನೀರಿನಲ್ಲಿ ನೊರೆ ಕಡಿಮೆಯಾಗಿ ನೀರು ಕದಡಿದಂತಾಗುತ್ತದೆ.

ನಿಖರವಾದ ಅಂಕಿ ಬೇಕಾದರೆ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಬೇಕು. ಸಾಮಾನ್ಯವಾಗಿ ಲೀಟರಿಗೆ 75 ಮಿಲಿಗ್ರಾಂವರೆಗೆ ಗಡಸುತನವಿದ್ದರೆ ಮೆದು ನೀರು, 150ರಿಂದ 300ರವರೆಗೆ ಗಡಸು, 300ಕ್ಕಿಂತ ಹೆಚ್ಚಾದರೆ ಬಹಳ ಗಡಸು ಎಂದು ವಿಂಗಡಿಸುತ್ತಾರೆ. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪ್ರಕಟಿಸಿದ ಕುಡಿಯುವ ನೀರಿನ ಮಾನಕದಲ್ಲಿ 200 ಮಿಲಿಗ್ರಾಂ ಅಪೇಕ್ಷಣೀಯ ಮಿತಿ. ಬೇರೆ ನೀರಿಲ್ಲದಾಗ 600 ಮಿಲಿಗ್ರಾಂವರೆಗೆ ಒಪ್ಪಬಹುದೆಂದಿದೆ. ಅಂದರೆ ಕುಡಿಯಲು ತಕ್ಕದ್ದೆನಿಸಿದ ನೀರು ಕೂಡ ವಾಹನದ ಮೇಲೆ ದಟ್ಟವಾದ ಕಲೆ ಬಿಡಬಲ್ಲದು.

ಕಲೆಯ ಮೂರು ಹಂತಗಳು

ಚಿಕಿತ್ಸೆಗೆ ಮೊದಲು ರೋಗ ಯಾವ ಹಂತದಲ್ಲಿದೆ ಎಂದು ತಿಳಿಯಬೇಕಷ್ಟೆ. ಕಲೆಗೂ ಈ ಮಾತು ಅನ್ವಯಿಸುತ್ತದೆ.

1. ಹೊಸ ಕಲೆ: ಒಂದೆರಡು ದಿನಗಳ ಹಿಂದೆ ಆದದ್ದು. ಮೇಲ್ಮೈಯ ಮೇಲೆ ಪುಡಿಯಂತೆ ಕುಳಿತಿರುತ್ತದೆ. ಮೆದು ನೀರು, ವಾಹನ ತೊಳೆಯುವ ಶಾಂಪೂ ಮತ್ತು ಮೆತ್ತನೆಯ ಬಟ್ಟೆಯಿಂದ ಬಹುಮಟ್ಟಿಗೆ ಹೋಗುತ್ತದೆ.

2. ಕಟ್ಟಿಕೊಂಡ ಕಲೆ: ವಾರಗಟ್ಟಲೆ ಪದರದ ಮೇಲೆ ಪದರ ಬಿದ್ದು ಗಟ್ಟಿಯಾದದ್ದು. ಬೆರಳ ತುದಿಯಿಂದ ಸವರಿದರೆ ಸಣ್ಣ ಉಬ್ಬಿನಂತೆ ಒರಟಾಗಿ ತಾಗುತ್ತದೆ. ಸೋಪಿಗೆ ಜಗ್ಗುವುದಿಲ್ಲ, ದುರ್ಬಲವಾದ ಹುಳಿಗೆ ಕರಗುತ್ತದೆ.

3. ಕೊರೆದ ಕಲೆ: ತಿಂಗಳುಗಟ್ಟಲೆ ಬಿಸಿಲಿನಲ್ಲಿ ನಿಂತ ವಾಹನದಲ್ಲಿ ಲವಣವು ಬಣ್ಣದ ಮೇಲ್ಪದರವನ್ನೇ ತಿಂದು ಸಣ್ಣ ಕುಳಿ ಮಾಡಿರುತ್ತದೆ. ಗಾಜಿನ ಮೇಲೆ ಕ್ಷಾರಗುಣದ ನೀರು ವರ್ಷಗಟ್ಟಲೆ ಒಣಗುತ್ತಿದ್ದರೆ ಗಾಜಿನ ಮೈಯೂ ಸವೆದು ಮಬ್ಬಾಗುತ್ತದೆ. ಇಲ್ಲಿ ಕರಗಿಸಬೇಕಾದ ವಸ್ತುವೇ ಉಳಿದಿಲ್ಲ; ಉಳಿದಿರುವುದು ಗಾಯ. ಯಾವ ಹುಳಿಯೂ ಇದನ್ನು ವಾಸಿ ಮಾಡಲಾರದು.

ಎರಡನೆಯ ಮತ್ತು ಮೂರನೆಯ ಹಂತವನ್ನು ಗುರುತಿಸಲು ಒಂದು ಸುಲಭ ಪರೀಕ್ಷೆಯಿದೆ. ಸುಣ್ಣದ ಅಂಶವಿರುವ ಮಣ್ಣಿನ ಮೇಲೆ ಸೌಮ್ಯ ಆಮ್ಲ ಹಾಕಿದರೆ ನೊರೆ ಏಳುವುದನ್ನು ಮಣ್ಣು ಪರೀಕ್ಷೆಯ ಸಂದರ್ಭದಲ್ಲಿ ಕೆಲವರು ನೋಡಿರಬಹುದು. ಇಲ್ಲಿಯೂ ಅದೇ ತತ್ವ. ದಪ್ಪ ಕಲೆಯ ಮೇಲೆ ಒಂದು ತೊಟ್ಟು ವಿನಿಗರ್ ಹಾಕಿ ಕಣ್ಣು ಹತ್ತಿರ ಮಾಡಿ ನೋಡಿ. ಸಣ್ಣ ಗುಳ್ಳೆಗಳೆದ್ದರೆ ಸುಣ್ಣ ಅಲ್ಲಿದೆ, ಅದು ಕರಗುತ್ತದೆ. ಕಲೆ ತೆಳುವಾಗಿದ್ದರೆ ಗುಳ್ಳೆ ಕಾಣದಿರಬಹುದು. ಆಗ ಎರಡು ನಿಮಿಷ ಬಿಟ್ಟು ಒರೆಸಿ ನೋಡಬೇಕು. ಎರಡು ಮೂರು ಸಲ ಹೀಗೆ ಮಾಡಿದರೂ ಕಲೆ ಸ್ವಲ್ಪವೂ ಕಡಿಮೆಯಾಗದೆ, ಬೆರಳಿಗೆ ಉಬ್ಬೂ ತಾಗದಿದ್ದರೆ ಅದು ಮೂರನೆಯ ಹಂತವೆಂದು ತಿಳಿಯಿರಿ.

ಬಣ್ಣದ ಮೇಲಿನ ಕಲೆಯನ್ನು ತೆಗೆಯುವ ವಿಧಾನ

ಈಗಿನ ಕಾರುಗಳ ತಗಡಿನ ಮೇಲೆ ಅಡಿಬಣ್ಣ, ಬಣ್ಣ, ಅದರ ಮೇಲೆ ಪಾರದರ್ಶಕವಾದ ರಕ್ಷಣಾ ಪದರ - ಹೀಗೆ ಹಲವು ಪದರಗಳಿರುತ್ತವೆ. ಎಲ್ಲವೂ ಸೇರಿ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಮೇಲಿನ ಪಾರದರ್ಶಕ ಪದರವಂತೂ ತಲೆಗೂದಲಿಗಿಂತ ತೆಳು. ಹಳೆಯ ವಾಹನಗಳಲ್ಲಿ ಈ ಪದರವೂ ಇರುವುದಿಲ್ಲ. ಆದ್ದರಿಂದ ಇಲ್ಲಿ ಬಲಕ್ಕಿಂತ ತಾಳ್ಮೆ ಮುಖ್ಯ.

ಬೇಕಾಗುವ ಸಾಮಗ್ರಿಗಳು: ಅಡುಗೆಗೆ ಬಳಸುವ ಬಿಳಿ ವಿನಿಗರ್, ಮಳೆನೀರು ಅಥವಾ ಇತರ ಮೆದು ನೀರು ಎರಡು ಬಕೆಟ್, ಶಾಂಪೂ, ಅಡುಗೆ ಸೋಡಾ, ಒಗೆದು ಮೆತ್ತಗಾದ ನಾಲ್ಕಾರು ಹತ್ತಿ ಬಟ್ಟೆಗಳು, ರಬ್ಬರ್ ಕೈಚೀಲ. ವಿನಿಗರ್‌ನಲ್ಲಿ ನೂರಕ್ಕೆ 4ರಿಂದ 5 ಭಾಗ ಅಸಿಟಿಕ್ ಆಮ್ಲವಿರುತ್ತದೆ. ಒಂದು ಗ್ರಾಂ ಸುಣ್ಣದ ಪೊರೆಯನ್ನು ಕರಗಿಸಲು ಲೆಕ್ಕದ ಪ್ರಕಾರ 25ರಿಂದ 30 ಮಿಲಿಲೀಟರ್ ವಿನಿಗರ್ ಸಾಕು. ವಿನಿಗರ್ ಸಿಗದಿದ್ದರೆ ಅಂಗಡಿಗಳಲ್ಲಿ ನಿಂಬೆ ಉಪ್ಪು ಎಂದು ದೊರೆಯುವ ಸಿಟ್ರಿಕ್ ಆಮ್ಲವನ್ನು ಒಂದು ಲೀಟರ್ ಮೆದು ನೀರಿಗೆ 20 ಗ್ರಾಂನಂತೆ ಕರಗಿಸಿ ಬಳಸಬಹುದು.

ಅನುಸರಿಸಬೇಕಾದ ಕ್ರಮ ಹೀಗಿದೆ:

1. ವಾಹನವನ್ನು ನೆರಳಿನಲ್ಲಿ ನಿಲ್ಲಿಸಿ. ಬಾನೆಟ್ಟಿನ ಮೇಲೆ ಅಂಗೈಯಿಟ್ಟರೆ ತಣ್ಣಗಿರಬೇಕು. ಬಿಸಿ ತಗಡಿನ ಮೇಲೆ ಹುಳಿ ಒಡನೆಯೇ ಒಣಗಿ ಹೊಸ ಕಲೆ ಮಾಡುತ್ತದೆ.

2. ಮೊದಲು ಧಾರಾಳವಾಗಿ ನೀರು ಬಿಟ್ಟು ಧೂಳು, ಮಣ್ಣು ಇಳಿಸಿ. ನಂತರ ಶಾಂಪೂ ನೀರಿನಿಂದ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಮಣ್ಣಿನ ಕಣ ಉಳಿದಿರುವಾಗ ಉಜ್ಜಿದರೆ ಅದೇ ಗೀರು ಹಾಕುತ್ತದೆ.

3. ಒಂದು ಪಾಲು ವಿನಿಗರ್‌ಗೆ ಒಂದು ಪಾಲು ಮೆದು ನೀರು ಬೆರೆಸಿ. ಮೊದಲು ಬಾಗಿಲಿನ ಕೆಳ ಅಂಚಿನಂತಹ ಮರೆಯಾದ ಜಾಗದಲ್ಲಿ ಸ್ವಲ್ಪ ಹಚ್ಚಿ, ಬಣ್ಣಕ್ಕೆ ಏನೂ ಆಗದಿರುವುದನ್ನು ಖಚಿತಪಡಿಸಿಕೊಳ್ಳಿ.

4. ಒಂದು ಸಲಕ್ಕೆ ಒಂದು ಮೊಳ ಅಗಲದ ಜಾಗವನ್ನು ಮಾತ್ರ ತೆಗೆದುಕೊಳ್ಳಿ. ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ ಕಲೆಯ ಮೇಲೆ ಹಾಸಿ ಎರಡು ನಿಮಿಷ ಬಿಡಿ. ಒಣಗಲು ಬಿಡಬಾರದು.

5. ಒತ್ತದೆ, ಹಗುರವಾಗಿ ಒರೆಸಿ. ಕೂಡಲೇ ಮೆದು ನೀರಿನಿಂದ ತೊಳೆಯಿರಿ. ಕಲೆ ಉಳಿದಿದ್ದರೆ ಇನ್ನೆರಡು ಸಲ ಇದೇ ಕ್ರಮವನ್ನು ಅನುಸರಿಸಬಹುದು. ಅದಕ್ಕಿಂತ ಹೆಚ್ಚು ಬೇಡ.

6. ಎಲ್ಲ ಮುಗಿದ ಮೇಲೆ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಅಡುಗೆ ಸೋಡಾ ಬೆರೆಸಿ ಆ ಜಾಗವನ್ನೆಲ್ಲ ತೊಳೆಯಿರಿ. ಸಂದುಗಳಲ್ಲಿ ಉಳಿದ ಹುಳಿ ಇದರಿಂದ ಶಮನವಾಗುತ್ತದೆ. ಕೊನೆಗೆ ಮೆದು ನೀರಿನಿಂದ ತೊಳೆದು ಒಣ ಬಟ್ಟೆಯಿಂದ ಒರೆಸಿ.

7. ವಾಹನಗಳಿಗೆ ಹಾಕುವ ಮೇಣವನ್ನು ತೆಳುವಾಗಿ ಹಚ್ಚಿ ಹೊಳಪು ಕೊಡಿ. ಹುಳಿಯಿಂದ ತೊಳೆದಾಗ ಹಳೆಯ ಮೇಣವೂ ಸ್ವಲ್ಪ ಹೋಗಿರುತ್ತದೆ.

ತಗಡು ಕಾಣುವಂತೆ ಬಣ್ಣ ಕಿತ್ತು ಬಂದ ಜಾಗ ಅಥವಾ ತುಕ್ಕು ಹಿಡಿದ ಜಾಗಕ್ಕೆ ಹುಳಿ ತಾಗಿಸಬಾರದು. ಮೂರನೆಯ ಹಂತದ ಕಲೆಯನ್ನು ಗ್ಯಾರೇಜಿನಲ್ಲಿ ರಬ್ಬಿಂಗ್ ಕಾಂಪೌಂಡಿನಿಂದ ಉಜ್ಜಿ ತೆಗೆಯುತ್ತಾರೆ. ಇದು ಕುಳಿಯನ್ನು ತುಂಬುವುದಲ್ಲ. ಕುಳಿಯ ಸುತ್ತಲಿನ ಬಣ್ಣವನ್ನು ಕುಳಿಯ ಮಟ್ಟಕ್ಕೆ ತಗ್ಗಿಸುವುದು. ಇರುವ ಪದರವೇ ತೆಳು. ಆದ್ದರಿಂದ ಇದನ್ನು ಪದೇ ಪದೇ ಮಾಡಿಸುವಂತಿಲ್ಲ.

ಗಾಜಿನ ಮೇಲಿನ ಕಲೆ

ಗಾಜು ಬಣ್ಣಕ್ಕಿಂತ ಗಟ್ಟಿ. ವಿನಿಗರ್‌ನಂತಹ ಹುಳಿ ಅದಕ್ಕೆ ಹಾನಿ ಮಾಡುವುದಿಲ್ಲ. ಆದ್ದರಿಂದ ಇಲ್ಲಿ ನೀರು ಬೆರೆಸದ ವಿನಿಗರ್ ಅನ್ನೇ ಬಳಸಬಹುದು, ಅಥವಾ ಸಿಟ್ರಿಕ್ ಆಮ್ಲವನ್ನು ಲೀಟರಿಗೆ 50 ಗ್ರಾಂನಂತೆ ಕರಗಿಸಿಕೊಳ್ಳಬಹುದು. ಗಾಜನ್ನು ತೊಳೆದು, ವೈಪರ್ ಕಡ್ಡಿಗಳನ್ನು ಎತ್ತಿ ನಿಲ್ಲಿಸಿ. ಹುಳಿಯಲ್ಲಿ ನೆನೆಸಿ ಹಿಂಡಿದ ಬಟ್ಟೆಯನ್ನು ಗಾಜಿನ ಮೇಲೆ ಅಂಟುವಂತೆ ಹಾಸಿ 10ರಿಂದ 15 ನಿಮಿಷ ಬಿಡಿ. ಹುಳಿ ಕೆಳಗಿನ ಬಣ್ಣದ ಮೇಲೆ ಇಳಿದು ನಿಲ್ಲದಂತೆ ಆಗಾಗ ನೀರು ಹಾಕುತ್ತಿರಿ. ಬಟ್ಟೆ ಒಣಗುವಂತಿದ್ದರೆ ಮತ್ತೆ ಸ್ವಲ್ಪ ಹುಳಿ ಚಿಮುಕಿಸಿ. ನಂತರ ಒರೆಸಿ ತೊಳೆಯಿರಿ. ಗಟ್ಟಿ ಕಲೆಗೆ ಇದನ್ನು ಮೂರು ನಾಲ್ಕು ಸಲ ಮಾಡಬೇಕಾದೀತು.

ಇದರಿಂದಲೂ ಹೋಗದೆ ಉಬ್ಬಿಕೊಂಡಿರುವ ಚುಕ್ಕೆಗಳಿದ್ದರೆ, ಗಾಜನ್ನು ಸೋಪು ನೀರಿನಿಂದ ಚೆನ್ನಾಗಿ ಒದ್ದೆ ಮಾಡಿ, ಹಿಡಿಯಿರುವ ಹೊಸ ಬ್ಲೇಡನ್ನು ಗಾಜಿಗೆ ಬಹಳ ಓರೆಯಾಗಿ ಹಿಡಿದು ಒಂದೇ ದಿಕ್ಕಿನಲ್ಲಿ ಮೆಲ್ಲಗೆ ತಳ್ಳಬಹುದು. ಇದನ್ನು ಗಾಜಿನ ಹೊರಮೈಯಲ್ಲಿ ಮಾತ್ರ ಮಾಡಬೇಕು. ತುಕ್ಕು ಹಿಡಿದ ಬ್ಲೇಡು, ಒಣ ಗಾಜು ಎರಡೂ ಕೂಡದು. ಬಣ್ಣದ ಹಾಳೆ ಅಂಟಿಸಿದ ಗಾಜಿಗೂ, ಪ್ಲಾಸ್ಟಿಕ್ಕಿನಿಂದ ಮಾಡಿದ ದೀಪದ ಮುಚ್ಚಳಕ್ಕೂ ಬ್ಲೇಡು ತಾಗಿಸಬೇಡಿ.

ಕೆಲಸ ಸರಿಯಾಗಿದೆಯೇ ಎಂದು ಹಗಲಿನಲ್ಲಿ ತಿಳಿಯುವುದು ಕಷ್ಟ. ಕತ್ತಲಾದ ಮೇಲೆ ಒಳಗೆ ಚಾಲಕನ ಜಾಗದಲ್ಲಿ ಕುಳಿತು, ಹತ್ತು ಹೆಜ್ಜೆ ಮುಂದಿನಿಂದ ಒಬ್ಬರು ಬ್ಯಾಟರಿ ದೀಪವನ್ನು ಗಾಜಿನ ಕಡೆಗೆ ಬಿಡಲಿ. ಬೆಳಕಿನ ಸುತ್ತ ಮಬ್ಬು ಹರಡಿದರೆ ಪೊರೆ ಇನ್ನೂ ಉಳಿದಿದೆ ಎಂದರ್ಥ. ಮೊದಲು ಗಾಜಿನ ಒಳಮೈಯನ್ನೂ ಒರೆಸಿ ನೋಡಿ. ಆಮೇಲೂ ಮಬ್ಬು ಉಳಿದು, ಹುಳಿಗೆ ಜಗ್ಗದಿದ್ದರೆ ಗಾಜಿನ ಮೈ ಸವೆದಿರಬೇಕು. ಅದನ್ನು ಸೀರಿಯಂ ಆಕ್ಸೈಡ್ ಎಂಬ ಪುಡಿಯಿಂದ ಹೊಳಪು ಮಾಡುವ ಕ್ರಮವಿದೆ. ಒಂದೇ ಜಾಗವನ್ನು ಹೆಚ್ಚು ಉಜ್ಜಿದರೆ ಗಾಜು ತಗ್ಗಾಗಿ ರಸ್ತೆ ಡೊಂಕಾಗಿ ಕಾಣುವುದರಿಂದ ಅನುಭವಿಗಳಿಂದಲೇ ಮಾಡಿಸಬೇಕು. ಚಾಲಕನ ಕಣ್ಣಿನ ನೇರಕ್ಕೆ ಗಾಜು ತೀರ ಮಬ್ಬಾಗಿದ್ದರೆ ಬದಲಿಸುವುದೇ ಕ್ಷೇಮ.

ಮಾಡಬಾರದ ಕೆಲಸಗಳು

ಇಟ್ಟಿಗೆ ಪುಡಿ, ಮರಳು, ಬೂದಿ, ತೆಂಗಿನ ನಾರು, ಉಕ್ಕಿನ ನಾರು: ಸುಣ್ಣದ ಪೊರೆ ಗಾಜಿಗಿಂತ ಮೆದು, ಮರಳಿನ ಕಣ ಗಾಜಿಗಿಂತ ಗಟ್ಟಿ. ಉಜ್ಜಿದಾಗ ಕಲೆಯೂ ಹೋಗುತ್ತದೆ, ಜೊತೆಗೆ ಗಾಜಿನ ಮೇಲೆ ಸಾವಿರಾರು ಗೀರುಗಳೂ ಬೀಳುತ್ತವೆ. ಒಂದು ಮಬ್ಬನ್ನು ತೆಗೆಯಲು ಹೋಗಿ ಎಂದೂ ಹೋಗದ ಇನ್ನೊಂದು ಮಬ್ಬನ್ನು ತಂದುಕೊಂಡಂತಾಗುತ್ತದೆ.

ಹನಿ ನೀರಾವರಿಯ ಆಮ್ಲ ಮತ್ತು ಶೌಚಾಲಯದ ಆಸಿಡ್: ಇವುಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಸುಣ್ಣವನ್ನು ಅದು ಕ್ಷಣದಲ್ಲಿ ಕರಗಿಸುವುದು ನಿಜ. ಆದರೆ ಅಷ್ಟೇ ಬೇಗ ತಗಡು, ಅಲ್ಯೂಮಿನಿಯಂ ಮತ್ತು ಹೊಳಪಿನ ಲೋಹದ ಭಾಗಗಳನ್ನೂ ತಿನ್ನುತ್ತದೆ. ಅದರ ಹೊಗೆ ಶ್ವಾಸಕೋಶಕ್ಕೂ ಕೆಟ್ಟದ್ದು. ಹನಿ ನೀರಾವರಿಯ ಪ್ಲಾಸ್ಟಿಕ್ ಪೈಪು ತಾಳಿಕೊಳ್ಳುವುದನ್ನು ವಾಹನ ತಾಳಿಕೊಳ್ಳಲಾರದು.

ಬ್ಯಾಟರಿಯ ಆಮ್ಲ: ಇದು ಗಂಧಕಾಮ್ಲ. ಸುಣ್ಣದೊಡನೆ ಸೇರಿದರೆ ಜಿಪ್ಸಂ ಆಗುತ್ತದೆ. ಶೇಂಗಾ ಬೆಳೆಗೆ ಹಾಕುವ ಅದೇ ಜಿಪ್ಸಂ. ಅದು ವಿನಿಗರ್‌ಗೂ ಸುಲಭವಾಗಿ ಕರಗದು. ಕಲೆಯನ್ನು ತೆಗೆಯುವ ಬದಲು ಇನ್ನಷ್ಟು ಮೊಂಡು ಮಾಡಿದಂತಾಗುತ್ತದೆ. ಜೊತೆಗೆ ಬಣ್ಣವೂ ಬಟ್ಟೆಯೂ ಸುಡುತ್ತವೆ.

ಫ್ಲೋರಿನ್ ಆಮ್ಲವಿರುವ ದ್ರಾವಣಗಳು: ಗಾಜನ್ನೇ ಕರಗಿಸಬಲ್ಲ ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಒಳಗಿಳಿದು ಪ್ರಾಣಕ್ಕೇ ಎರವಾಗಬಲ್ಲದು. ಹೆಸರು ಚೀಟಿಯಿಲ್ಲದ ಸೀಸೆಯಲ್ಲಿ ಮಾರುವ ಯಾವ ಕಲೆ ತೆಗೆಯುವ ದ್ರಾವಣವನ್ನೂ ಕೊಳ್ಳಬೇಡಿ.

ಸೀಮೆಎಣ್ಣೆ ಮತ್ತು ಡೀಸೆಲ್: ಇವು ಟಾರು ಮತ್ತು ಜಿಡ್ಡನ್ನು ಬಿಡಿಸುತ್ತವೆ, ಸುಣ್ಣವನ್ನಲ್ಲ. ಎಣ್ಣೆ ಸವರಿದಾಗ ಕಲೆ ಮರೆಯಾದಂತೆ ಕಾಣುವುದು ಒದ್ದೆಯಿದ್ದಾಗ ಕಾಣದಿರುವಂತೆಯೇ. ಗಾಜಿನ ಮೇಲೆ ಎಣ್ಣೆಯ ಪೊರೆ ಉಳಿದರೆ ಮಳೆಯಲ್ಲಿ ಇನ್ನೂ ಅಪಾಯ.

ಯಾವ ಹುಳಿಯನ್ನೂ ಬ್ಲೀಚಿಂಗ್ ಪುಡಿಯೊಡನೆ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಹುಳಿ ಕಣ್ಣಿಗೆ ಸಿಡಿದರೆ ಕೂಡಲೇ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಉಳಿದ ದ್ರಾವಣವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು.

ಕಲೆ ಬಾರದಂತೆ ತಡೆಯುವುದು

ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು ನಿಮಗೇ ಹೊಳೆದಿರಬೇಕು. ಕಲೆ ಬರುವುದು ತೊಳೆದುದರಿಂದಲ್ಲ; ಗಡಸು ನೀರು ಮೈಮೇಲೆ ಒಣಗಿದುದರಿಂದ. ನೀರನ್ನು ಒಣಗಲು ಬಿಡದಿದ್ದರೆ, ಅಥವಾ ಒಣಗುವ ನೀರಿನಲ್ಲಿ ಲವಣವೇ ಇರದಿದ್ದರೆ, ಕಲೆಗೆ ಅವಕಾಶವೇ ಇಲ್ಲ. ಬ್ಯಾಟರಿಗೆ ಭಟ್ಟಿ ಇಳಿಸಿದ ನೀರನ್ನೇ ಹಾಕಬೇಕೆಂಬುದು ಎಲ್ಲರಿಗೂ ತಿಳಿದಿದೆ. ಅದೇ ಎಚ್ಚರವನ್ನು ಸ್ವಲ್ಪ ಮಟ್ಟಿಗೆ ಇಲ್ಲಿಗೂ ತರಬೇಕು.

ವಾಹನವನ್ನೆಲ್ಲ ಮೆದು ನೀರಿನಿಂದ ತೊಳೆಯಬೇಕೆಂದೇನೂ ಇಲ್ಲ. ಮಣ್ಣು ಇಳಿಸಲು ಕೊಳವೆ ಬಾವಿಯ ನೀರೇ ಸಾಕು. ಕೊನೆಯ ಒಂದು ಬಕೆಟ್ ಮಾತ್ರ ಮಳೆನೀರಾಗಿರಲಿ. ಅದು ಮೈಮೇಲಿನ ಗಡಸು ನೀರನ್ನು ಇಳಿಸಿ ತಾನು ನಿಲ್ಲುತ್ತದೆ. ಅದನ್ನೂ ಕೂಡಲೇ ಒಣ ಬಟ್ಟೆಯಿಂದ ಒರೆಸಿಬಿಟ್ಟರೆ ಕೆಲಸ ಪೂರ್ಣವಾಯಿತು.

ಮಳೆನೀರು ಹಿಡಿಯುವುದು ಕಷ್ಟವಲ್ಲ. ವಾಹನ ನಿಲ್ಲಿಸುವ ಷೆಡ್ಡಿನ ತಗಡಿನ ಚಾವಣಿ 20 ಚದರ ಮೀಟರ್ ಇದೆ ಎಂದುಕೊಳ್ಳಿ. ಅದರ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 200 ಲೀಟರ್ ನೀರು. ಸೋರಿ ಚೆಲ್ಲಿಹೋಗುವ ಐದನೆಯ ಒಂದು ಪಾಲನ್ನು ಕಳೆದರೂ 160 ಲೀಟರ್ ಸಿಗುತ್ತದೆ. ವಾರಕ್ಕೆ ಒಂದು ಬಕೆಟ್ಟಿನಂತೆ ಎರಡು ತಿಂಗಳಿಗೆ ಸಾಕು. ಮೊದಲ ಮಳೆಯ ನೀರು ಚಾವಣಿಯ ಧೂಳನ್ನು ಹೊತ್ತಿರುವುದರಿಂದ ಅದನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ ಡ್ರಮ್ಮಿನಲ್ಲಿ ತುಂಬಿ, ಸೊಳ್ಳೆ ಹೋಗದಂತೆ ಮುಚ್ಚಿಡಿ. ಮಳೆನೀರು ಮುಗಿದಾಗ ಕೊಳವೆ ಬಾವಿಯ ನೀರನ್ನು ಕುದಿಸಿ, ಆರಿಸಿ, ಅಲ್ಲಾಡಿಸದೆ ಮೇಲಿನ ತಿಳಿಯನ್ನು ಬಸಿದುಕೊಳ್ಳಬಹುದು. ಬೈಕಾರ್ಬೊನೇಟಿನಿಂದಾದ ಗಡಸುತನ ಇದರಿಂದ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಸಲ್ಫೇಟ್ ಮತ್ತು ಕ್ಲೋರೈಡಿನಿಂದಾದದ್ದು ಹೋಗುವುದಿಲ್ಲ.

ತೊಳೆಯುವ ಹೊತ್ತು ಬೆಳಗಿನ ಅಥವಾ ಸಂಜೆಯ ತಂಪಿನದಾಗಿರಲಿ. ತುಂತುರು ನೀರಾವರಿಯ ಹನಿ ಸಿಡಿಯುವಷ್ಟು ಹತ್ತಿರ ವಾಹನ ನಿಲ್ಲಿಸಬೇಡಿ. ದಿನವೂ ಬೀಳುವ ಆ ಹನಿಗಳೇ ಅತಿ ಗಟ್ಟಿಯಾದ ಕಲೆಗೆ ಕಾರಣ. ಮೇಣ ಹಚ್ಚಿದ ಮೇಲೆ ನೀರು ಹರಡದೆ ಮುತ್ತಿನಂತೆ ನಿಲ್ಲುತ್ತದೆ. ಇದು ನೋಡಲು ಚೆಂದ. ಆದರೆ ಒರೆಸದೆ ಬಿಟ್ಟರೆ ಆ ಮುತ್ತುಗಳೇ ಒಣಗಿ ಚುಕ್ಕೆಗಳಾಗುತ್ತವೆ. ಆದ್ದರಿಂದ ಮೇಣವಿದ್ದರೂ ಒರೆಸುವುದು ತಪ್ಪದು. ವೈಪರ್ ನೀರಿನ ಡಬ್ಬಿಗೂ ಮೆದು ನೀರನ್ನೇ ತುಂಬಿ. ಇಲ್ಲದಿದ್ದರೆ ಅದರ ಸಣ್ಣ ತೂತು ಸುಣ್ಣ ಕಟ್ಟಿ ಮುಚ್ಚುತ್ತದೆ. ರೇಡಿಯೇಟರಿಗೆ ತಯಾರಕರು ಸೂಚಿಸಿದ ದ್ರವವನ್ನೇ ಹಾಕಬೇಕು. ಗಡಸು ನೀರು ಹಾಕಿದರೆ ಹಂಡೆಯೊಳಗಿನ ಪದರು ಎಂಜಿನ್ನಿನೊಳಗೂ ಕಟ್ಟಿ, ಎಂಜಿನ್ ಕಾಯುತ್ತದೆ.

ಬೋರ್ಡೋ ದ್ರಾವಣ ಮತ್ತು ಸೌರ ಫಲಕ

ಅಡಿಕೆ ಮತ್ತು ದ್ರಾಕ್ಷಿ ಬೆಳೆಗಾರರಿಗೆ ಇನ್ನೊಂದು ಮಾತು. ತೋಟದಲ್ಲಿ ನಿಲ್ಲಿಸಿದ ವಾಹನದ ಮೇಲೆ ಬೋರ್ಡೋ ದ್ರಾವಣ ಸಿಡಿದು ಒಣಗಿದರೆ ನೀಲಿ ಬಿಳುಪಿನ ಕಲೆಯಾಗುತ್ತದೆ. ಅದರಲ್ಲಿರುವುದೂ ಸುಣ್ಣ ಮತ್ತು ತಾಮ್ರದ ಲವಣ. ಹಸಿಯಿದ್ದಾಗಲೇ ನೀರು ಹಾಕಿ ತೊಳೆದರೆ ಸುಲಭವಾಗಿ ಹೋಗುತ್ತದೆ. ಒಣಗಿದ್ದರೆ ಮೇಲೆ ಹೇಳಿದ ವಿನಿಗರ್ ಕ್ರಮವನ್ನೇ ಅನುಸರಿಸಬಹುದು. ಸಿಂಪರಣೆಗೆ ಮುನ್ನ ವಾಹನವನ್ನು ದೂರ ನಿಲ್ಲಿಸುವುದು ಎಲ್ಲಕ್ಕಿಂತ ಉತ್ತಮ.

ಕೇಂದ್ರ ಸರ್ಕಾರದ ಪಿಎಂ ಕುಸುಮ್ ಯೋಜನೆ 2019ರಲ್ಲಿ ಆರಂಭವಾದ ಮೇಲೆ ಅನೇಕ ರೈತರು ಸೌರ ಪಂಪ್ ಹಾಕಿಸಿಕೊಂಡಿದ್ದಾರೆ. ಫಲಕದ ಗಾಜಿಗೆ ಬಿಳಿ ಪೊರೆ ಕಟ್ಟಿದರೆ ಒಳಗೆ ಹೋಗುವ ಬೆಳಕು ಕಡಿಮೆಯಾಗಿ ಪಂಪು ಎತ್ತುವ ನೀರೂ ಕಡಿಮೆಯಾಗುತ್ತದೆ. ಈ ಗಾಜಿಗೆ ವಿಶೇಷ ಲೇಪನವಿರುವುದುಂಟು. ಬ್ಲೇಡು, ಪುಡಿ, ಹುಳಿ ಯಾವುದನ್ನೂ ತಯಾರಕರ ಸೂಚನೆಯಿಲ್ಲದೆ ಬಳಸಬೇಡಿ. ಬೆಳಗಿನ ತಂಪಿನಲ್ಲಿ, ಮೆದು ನೀರಿನಿಂದ ಮಾತ್ರ ತೊಳೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಬಿಸಿಲು ಬಿದ್ದಾಗ ಫಲಕದಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಒಡೆದ ಫಲಕಕ್ಕೂ ಬಿಚ್ಚಿದ ತಂತಿಗೂ ಒದ್ದೆ ಕೈ ತಾಗಿಸಬಾರದು.

ನೆನಪಿನಲ್ಲಿಡಬೇಕಾದ ಅಂಶಗಳು

1. ಬಿಳಿ ಕಲೆ ಎಂದರೆ ಬಹುಮಟ್ಟಿಗೆ ಸುಣ್ಣ. ಅದನ್ನು ಉಜ್ಜಿ ತೆಗೆಯಬೇಡಿ, ಕರಗಿಸಿ ತೆಗೆಯಿರಿ.

2. ಬಣ್ಣಕ್ಕೆ ಅರ್ಧ ನೀರು ಬೆರೆಸಿದ ವಿನಿಗರ್, ಎರಡು ನಿಮಿಷ. ಗಾಜಿಗೆ ನೀರು ಬೆರೆಸದ ವಿನಿಗರ್, 10ರಿಂದ 15 ನಿಮಿಷ. ಎರಡೂ ಕಡೆ ಹುಳಿ ಒಣಗಬಾರದು.

3. ಹನಿ ನೀರಾವರಿಯ ಆಮ್ಲ, ಶೌಚಾಲಯದ ಆಸಿಡ್, ಬ್ಯಾಟರಿ ಆಮ್ಲಗಳನ್ನು ವಾಹನದ ಹತ್ತಿರ ತರಬೇಡಿ.

4. ಮುಂದಿನ ಗಾಜನ್ನು ತಿಂಗಳಿಗೊಮ್ಮೆ ರಾತ್ರಿ ದೀಪ ಬಿಟ್ಟು ಪರೀಕ್ಷಿಸಿ.

5. ನೆರಳಿನಲ್ಲಿ ತೊಳೆಯಿರಿ, ಕೊನೆಯ ಬಕೆಟ್ ಮಳೆನೀರಾಗಿರಲಿ, ಒರೆಸದೆ ಬಿಡಬೇಡಿ.

ರೈತ ಬಾಂಧವರೇ, ಉಳುಮೆ ಮುಗಿದ ಮೇಲೆ ನೇಗಿಲಿನ ಮಣ್ಣು ತೆಗೆದು ಒರೆಸಿಡುವುದು ನಮ್ಮ ಹಿರಿಯರ ಪದ್ಧತಿ. ಅದಕ್ಕೆ ತಗಲುತ್ತಿದ್ದುದು ನಾಲ್ಕು ನಿಮಿಷ. ತೊಳೆದ ವಾಹನವನ್ನು ಒರೆಸುವುದಕ್ಕೆ ಹತ್ತು ನಿಮಿಷ ಹಿಡಿಯಬಹುದು. ಆ ಹತ್ತು ನಿಮಿಷ ಬಣ್ಣವನ್ನು ಉಳಿಸುತ್ತದೆ, ಗಾಜನ್ನು ಉಳಿಸುತ್ತದೆ. ಕತ್ತಲ ದಾರಿಯಲ್ಲಿ ಎದುರಿಗೆ ನಡೆದು ಬರುವವರು ನಿಮ್ಮ ಕಣ್ಣಿಗೆ ಸಕಾಲದಲ್ಲಿ ಕಾಣುವಂತೆಯೂ ಮಾಡುತ್ತದೆ.